ಮಲ್ಟಿಪಲ್ ಟೆಸ್ಟಿಂಗ್‌ನಲ್ಲಿ ರೀಸ್ಯಾಂಪ್ಲಿಂಗ್ ಲೆಕ್ಕದ ಹೊರೆ ಇಳಿಸೋದು ಹೆಂಗೆ: ಹಂತ ಹಂತವಾಗಿ

ರೀಸ್ಯಾಂಪ್ಲಿಂಗ್ ಅಂದ್ರೆ ಇರೋ ಡೇಟಾವನ್ನೇ ಮತ್ತೆ ಮತ್ತೆ ಕಲಸಿ ಅಥವಾ ಆರಿಸಿ ಲೆಕ್ಕ ಹಾಕೋದು. ಅದ್ರಲ್ಲೊಂದು ಪರ್ಮ್ಯುಟೇಶನ್ ಟೆಸ್ಟ್: ಯಾವ ಸ್ಯಾಂಪಲ್ ಯಾವ ಗುಂಪು ಅನ್ನೋ ಲೇಬಲ್‌ಗಳನ್ನ ಕಲಸಿ, ನಮಗೆ ಕಂಡ ವ್ಯತ್ಯಾಸ ಬರೀ ಆಕಸ್ಮಿಕನಾ ಅಂತ ನೋಡೋದು. ಇಂಥದ್ದು ಒಂದೇ ಒಂದು ಮಾಡೋದಾದ್ರೆ ಯಾರಿಗೂ ತಲೆನೋವಿಲ್ಲ. ಲೇಬಲ್‌ಗಳನ್ನ ಹತ್ತು ಸಾವಿರ ಸಲ ಕಲಸು, ಪ್ರತಿ ಸಲ ಸ್ಟಾಟಿಸ್ಟಿಕ್ (ಗುಂಪುಗಳ ವ್ಯತ್ಯಾಸ ಅಳೆಯೋ ನಂಬರ್) ಹಾಕು, ಒರಿಜಿನಲ್‌ನಷ್ಟು ಅಥವಾ ಅದಕ್ಕಿಂತ ದೊಡ್ಡದು ಎಷ್ಟು ಸಲ ಬಂತು ಅಂತ ಎಣಿಸು, ಆ ಪಾಲೇ ಪಿ-ವ್ಯಾಲ್ಯೂ, ಚಿಕ್ಕದಾದಷ್ಟೂ ಆಕಸ್ಮಿಕ ಅನ್ನೋ ಡೌಟ್ ಕಮ್ಮಿ, ಮುಗೀತು. ತೊಂದರೆ ಶುರುವಾಗೋದು ಇಂಥ ಟೆಸ್ಟ್ 20 ಸಾವಿರ ಇದ್ದಾಗ, ಜೀನ್ ಡೇಟಾ, ಬ್ರೈನ್ ಇಮೇಜಿಂಗ್ ಎಲ್ಲದ್ರಲ್ಲೂ ಇದೇ ಕಥೆ.

ಮೊದ್ಲು ಲೆಕ್ಕ ನೋಡೋಣ, ಯಾಕಂದ್ರೆ ಇಡೀ ವಿಷಯ ನಿಂತಿರೋದೇ ಇದ್ರ ಮೇಲೆ. 20 ಸಾವಿರ ಟೆಸ್ಟ್, ಬಾನ್‌ಫೆರೋನಿ (ಆಕಸ್ಮಿಕ ತಪ್ಪು ತಡೆಯೋಕೆ ಮಾಮೂಲಿ 0.05 ಗಡಿಯನ್ನ ಟೆಸ್ಟ್‌ಗಳ ಸಂಖ್ಯೆಯಿಂದ ಭಾಗಿಸೋ ಕರೆಕ್ಷನ್) ಹಾಕಿದ್ರೆ ಒಂದೊಂದರ ಗಡಿ 0.05 ÷ 20,000, ಅಂದ್ರೆ 0.0000025. ಎಷ್ಟು ಪರ್ಮ್ಯುಟೇಶನ್ ಮಾಡ್ತೀವೋ ಅದಕ್ಕೆ 1 ಸೇರಿಸಿ ಅದ್ರಿಂದ 1ನ್ನ ಭಾಗಿಸಿದ್ರೆ ಬರೋದೇ ನಮ್ ಕೈಗೆ ಸಿಗಬಹುದಾದ ಅತಿ ಚಿಕ್ಕ ಪಿ-ವ್ಯಾಲ್ಯೂ, ಹಂಗಾಗಿ ಆ ಗಡಿ ಬರೀ ಮುಟ್ಟೋಕೇ 4 ಲಕ್ಷ ಪರ್ಮ್ಯುಟೇಶನ್ ಬೇಕು. 20 ಸಾವಿರ ಗುಣಿಲೆ 4 ಲಕ್ಷ ಅಂದ್ರೆ 800 ಕೋಟಿ ಸ್ಟಾಟಿಸ್ಟಿಕ್. ಒಂದಕ್ಕೆ 1 ಮಿಲಿಸೆಕೆಂಡ್ ಅಂದ್ಕೊಂಡ್ರೂ ಸುಮಾರು 93 ದಿನ ಮಷೀನು ಓಡ್ತಾನೇ ಇರ್ಬೇಕು. ಮತ್ತೆ ಇದು ಬರೀ ಮುಟ್ಟೋಕೆ, ಆ ಗಡಿ ಹತ್ರ ಪಿ-ವ್ಯಾಲ್ಯೂವನ್ನ 10% ತಪ್ಪಿನೊಳಗೆ ಅಂದಾಜು ಮಾಡ್ಬೇಕು ಅಂದ್ರೆ ಇನ್ನೂ ನೂರು ಪಟ್ಟು, ಅಂದ್ರೆ 4 ಕೋಟಿ ಪರ್ಮ್ಯುಟೇಶನ್, ಪ್ರತಿಯೊಂದು ಟೆಸ್ಟ್‌ಗೂ.

ಈ 800 ಕೋಟಿ ಎಲ್ಲಿ ಖರ್ಚಾಗ್ತಿದೆ ಅಂತ ಒಂದ್ಸಲ ಬಿಚ್ಚಿ ನೋಡಿ. ಬಹುಪಾಲು ಹೋಗ್ತಿರೋದು ಪಿ-ವ್ಯಾಲ್ಯೂ 0.4, 0.7 ಇರೋ ಟೆಸ್ಟ್‌ಗಳ ಮೇಲೆ, ಅದ್ರ ಉತ್ತರ ಮೊದಲ ಐವತ್ತು ಪರ್ಮ್ಯುಟೇಶನ್‌ನಲ್ಲೇ ಗೊತ್ತಾಗಿರುತ್ತೆ, ಆಮೇಲಿನ ಮೂರು ಲಕ್ಷದ ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ಎಲ್ಲಾ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಕೆಳಗೆ ಹೇಳೋ ಟ್ರಿಕ್ಸ್‌ನಲ್ಲಿ ದೊಡ್ಡ ಪಾಲು ಇದೇ: ಉತ್ತರ ಗೊತ್ತಿರೋ ಕಡೆ ಲೆಕ್ಕ ನಿಲ್ಸಿ, ಡೌಟ್ ಇರೋ ಕಡೆ ಮಾತ್ರ ಖರ್ಚು ಮಾಡೋದು.

ಹಂತ 1: ನಿಮಗೆ ಬೇಕಾಗಿರೋದು ತೀರ್ಮಾನನಾ, ನಂಬರ್ರಾ?

ಇದನ್ನ ಜನ ಯೋಚನೆ ಮಾಡೋದೇ ಇಲ್ಲ, ನೇರ ಲೂಪ್ ಬರೆಯೋಕೆ ಕೂತ್ಬಿಡ್ತಾರೆ. "ಈ ಟೆಸ್ಟ್ ರಿಜೆಕ್ಟ್ ಆಗುತ್ತಾ ಇಲ್ವಾ" (ಅಂದ್ರೆ ವ್ಯತ್ಯಾಸ ಏನೂ ಇಲ್ಲ ಅನ್ನೋ 'ನಲ್' ಊಹೆ ಬೀಳುತ್ತಾ ಇಲ್ವಾ) ಅನ್ನೋದಷ್ಟೇ ಸಾಕು ಅಂದ್ರೆ ಪಿ-ವ್ಯಾಲ್ಯೂ ನಿಖರವಾಗಿ ಬೇಕಾಗಿಲ್ಲ, ಗಡಿಯ ಯಾವ ಕಡೆ ಇದೆ ಅಂತ ಗೊತ್ತಾದ್ರೆ ಸಾಕು. ಆದ್ರೆ ಟೇಬಲ್‌ನಲ್ಲಿ ಪ್ರತಿ ಟೆಸ್ಟ್‌ನ ಪಿ-ವ್ಯಾಲ್ಯೂ ಹಾಕ್ಬೇಕು, ರ‍್ಯಾಂಕ್ ಮಾಡ್ಬೇಕು, ಮೆಟಾ-ಅನಾಲಿಸಿಸ್‌ಗೆ (ಹಲವು ಅಧ್ಯಯನ ಸೇರಿಸಿ ಮಾಡೋ ಲೆಕ್ಕ) ಕೊಡ್ಬೇಕು ಅಂದ್ರೆ ನಂಬರ್ ಬೇಕು, ಖರ್ಚು ಜಾಸ್ತಿ.

ಎರಡನೇ ಪ್ರಶ್ನೆ, ಯಾವ ತಪ್ಪನ್ನ ಕಂಟ್ರೋಲ್ ಮಾಡ್ತಿದ್ದೀರಿ. ಒಂದೂ ತಪ್ಪು ರಿಜೆಕ್ಷನ್ ಇರಬಾರದು ಅನ್ನೋ ಫ್ಯಾಮಿಲಿವೈಸ್ ಎರರ್ ದಾರಿ ಒಂದು, ರಿಜೆಕ್ಟ್ ಆದವುಗಳಲ್ಲಿ ತಪ್ಪಿನ ಪಾಲು ಸರಾಸರಿ 5% ಮೀರಬಾರದು ಅನ್ನೋ ಎಫ್‌ಡಿಆರ್ (ಫಾಲ್ಸ್ ಡಿಸ್ಕವರಿ ರೇಟ್) ದಾರಿ ಇನ್ನೊಂದು, ಅದಕ್ಕೆ 1995ರ ಬೆಂಜಮಿನಿ-ಹಾಕ್‌ಬರ್ಗ್ ವಿಧಾನ. ಎಫ್‌ಡಿಆರ್ ಸಾಕು ಅಂದ್ರೆ ಲೆಕ್ಕ ಅಲ್ಲೇ ಎಷ್ಟೋ ಇಳಿಯುತ್ತೆ: 20 ಸಾವಿರದಲ್ಲಿ ಸುಮಾರು 200 ರಿಜೆಕ್ಟ್ ಆಗೋ ಹಂಗಿದ್ರೆ ಗಡಿ 0.05 × 200 ÷ 20,000, ಅಂದ್ರೆ 0.0005. ಬಾನ್‌ಫೆರೋನಿ ಗಡಿಗಿಂತ 200 ಪಟ್ಟು ಸಡಿಲ. ಆದ್ರೆ ಬರೀ 5 ರಿಜೆಕ್ಟ್ ಆಗೋ ಡೇಟಾ ಆದ್ರೆ ಗಡಿ ಮತ್ತೆ 0.0000125ಕ್ಕೆ ಇಳಿಯುತ್ತೆ, ಅದನ್ನ ಮರೀಬೇಡಿ.

ಹಂತ 2: ಒಟ್ಟು ಎಷ್ಟು ಪರ್ಮ್ಯುಟೇಶನ್ ಇದಾವೆ ಅಂತ ಎಣಿಸಿ

ಒಂದೊಂದು ಗುಂಪಲ್ಲಿ 5 ಸ್ಯಾಂಪಲ್ ಇದ್ರೆ ಲೇಬಲ್ ಹಂಚೋ ರೀತಿಗಳೇ 252, ಅದ್ರ ಮೇಲೆ ಇಲ್ಲ. 4-4 ಆದ್ರೆ 70. ಇಂಥ ಕಡೆ 10 ಸಾವಿರ ರ‍್ಯಾಂಡಮ್ ಪರ್ಮ್ಯುಟೇಶನ್ ಓಡಿಸೋದು ಅದನ್ನೇ ಅದನ್ನೇ ಮತ್ತೆ ಮತ್ತೆ ಲೆಕ್ಕ ಹಾಕೋದು ಅಷ್ಟೇ, ಎಲ್ಲಾ 252ನ್ನೂ ಪಟ್ಟಿ ಮಾಡಿ ಒಂದೇ ಸಲ ಮುಗಿಸಿ. ಎರಡೂ ಗುಂಪು ಸಮ ಇದ್ದು ಟೆಸ್ಟ್ ಎರಡು ಬದಿಯದ್ದಾದ್ರೆ (ವ್ಯತ್ಯಾಸ ಯಾವ ದಿಕ್ಕಿಗಿದ್ರೂ ಎಣಿಸೋದಾದ್ರೆ) ಲೇಬಲ್ ಅದಲು ಬದಲು ಮಾಡಿದ್ರೂ ಸ್ಟಾಟಿಸ್ಟಿಕ್‌ನ ಗಾತ್ರ ಅದೇ, ಆದ್ದರಿಂದ 126 ಸಾಕು. 10-10 ಆದ್ರೆ 1,84,756, ಇದೂ ಪೂರ್ತಿ ಎಣಿಸಬಹುದಾದದ್ದೇ. 1999ರ ಪ್ರಸಿದ್ಧ ಲ್ಯುಕೇಮಿಯಾ ಡೇಟಾದ ಟ್ರೈನಿಂಗ್ ಸೆಟ್‌ನಲ್ಲಿ 27 ಮತ್ತು 11 ಸ್ಯಾಂಪಲ್ ಇದಾವೆ, ಅಲ್ಲಿ 120 ಕೋಟಿಗೂ ಜಾಸ್ತಿ ರೀತಿಗಳಿವೆ, ಅಲ್ಲಿ ರ‍್ಯಾಂಡಮ್ಮೇ ಗತಿ.

ರ‍್ಯಾಂಡಮ್ ಮಾಡ್ತಿದ್ರೆ ಪಿ-ವ್ಯಾಲ್ಯೂ ಅಂದ್ರೆ (ಮುಟ್ಟಿದ ಅಥವಾ ದಾಟಿದ ಸಲ + 1) ÷ (ಒಟ್ಟು ಸಲ + 1). ಆ +1 ಬಿಟ್ರೆ ಸೊನ್ನೆ ಬರುತ್ತೆ, ಸೊನ್ನೆಯನ್ನ 20 ಸಾವಿರದಿಂದ ಗುಣಿಸಿದ್ರೂ ಸೊನ್ನೆನೇ, ಎಷ್ಟೇ ಕರೆಕ್ಷನ್ ಹಾಕಿದ್ರೂ ಎಲ್ಲಾ ಸಿಗ್ನಿಫಿಕೆಂಟ್! 2010ರಲ್ಲಿ ಫಿಪ್ಸನ್ ಮತ್ತು ಸ್ಮಿತ್ ಇದ್ರ ಬಗ್ಗೆನೇ ಒಂದು ಪೇಪರ್ ಬರೆದ್ರು, ಪರ್ಮ್ಯುಟೇಶನ್ ಪಿ-ವ್ಯಾಲ್ಯೂ ಯಾವತ್ತೂ ಸೊನ್ನೆ ಆಗಬಾರದು ಅಂತ. ಪೂರ್ತಿ ಎಣಿಕೆ ಮಾಡಿದ್ರೆ +1 ಬೇಡ, ಒರಿಜಿನಲ್ ಆ ಪಟ್ಟಿಯೊಳಗೇ ಇರುತ್ತೆ.

ಹಂತ 3: ಮ್ಯಾಕ್ಸ್‌ಟಿ, ಮಿನ್‌ಪಿ, ಇಲ್ಲಾ ಬಿಡಿ ಪಿ-ವ್ಯಾಲ್ಯೂ

ವೆಸ್ಟ್‌ಫಾಲ್ ಮತ್ತು ಯಂಗ್ 1993ರಲ್ಲಿ ಕೊಟ್ಟ ಎರಡು ವಿಧಾನ ಇವತ್ತಿಗೂ ಓಡ್ತಿರೋದು. ಮ್ಯಾಕ್ಸ್‌ಟಿಯಲ್ಲಿ ಪ್ರತಿ ಪರ್ಮ್ಯುಟೇಶನ್‌ಗೆ ಎಲ್ಲಾ ಟೆಸ್ಟ್‌ಗಳ ಸ್ಟಾಟಿಸ್ಟಿಕ್ ಹಾಕಿ ಅದ್ರಲ್ಲಿ ದೊಡ್ಡದೊಂದನ್ನ ಎತ್ತಿಟ್ಕೊಳ್ಳೋದು, ಆಮೇಲೆ ಒರಿಜಿನಲ್ ಸ್ಟಾಟಿಸ್ಟಿಕ್‌ನ ಈ ಗರಿಷ್ಠಗಳ ರಾಶಿ ಜೊತೆ ಹೋಲಿಸೋದು. ಇದ್ರಲ್ಲಿ ಒಂದು ದೊಡ್ಡ ಲಾಭ ಇದೆ, ಎಷ್ಟೋ ಜನಕ್ಕೆ ಹೊಳೆಯಲ್ಲ: ಇಲ್ಲಿ ಬರೋ ಪಿ-ವ್ಯಾಲ್ಯೂ ಆಗಲೇ ಅಡ್ಜಸ್ಟ್ ಆಗಿರುತ್ತೆ (ಟೆಸ್ಟ್‌ಗಳ ಸಂಖ್ಯೆಯ ಕರೆಕ್ಷನ್ ಸೇರಿರುತ್ತೆ), ನೇರ 0.05 ಜೊತೆ ಹೋಲಿಸ್ತೀವಿ, ಹಂಗಾಗಿ ಟೆಸ್ಟ್ 20 ಸಾವಿರ ಇರ್ಲಿ 20 ಲಕ್ಷ ಇರ್ಲಿ ಬೇಕಾಗೋ ಪರ್ಮ್ಯುಟೇಶನ್ ಸಂಖ್ಯೆ ಬೆಳೆಯಲ್ಲ. 10 ಸಾವಿರ ಪರ್ಮ್ಯುಟೇಶನ್‌ಗೆ 0.05 ಹತ್ರ ಸ್ಟಾಂಡರ್ಡ್ ಎರರ್ (ಅಂದಾಜಿನ ಅಲುಗಾಟ) 0.0022, ಸಾವಿರಕ್ಕೆ 0.0069. 4 ಲಕ್ಷದ ಮಾತೇ ಇಲ್ಲ. ಮೇಲಿನ 5-5 ಡೇಟಾದಲ್ಲಿ ಬಾನ್‌ಫೆರೋನಿಗೆ ದಾರಿನೇ ಇಲ್ಲ, ಯಾಕಂದ್ರೆ ಅತಿ ಚಿಕ್ಕ ಪಿ-ವ್ಯಾಲ್ಯೂನೇ 2 ÷ 252, ಅಂದ್ರೆ 0.0079. ಆದ್ರೆ ಮ್ಯಾಕ್ಸ್‌ಟಿಯ ಅಡ್ಜಸ್ಟೆಡ್ ಪಿ-ವ್ಯಾಲ್ಯೂ 0.0079 ತನಕ ಇಳಿಯೋಕೆ ಏನೂ ಅಡ್ಡಿ ಇಲ್ಲ.

ಮಿನ್‌ಪಿ ಹಂಗಲ್ಲ. ಅಲ್ಲಿ ಪ್ರತಿ ಪರ್ಮ್ಯುಟೇಶನ್‌ನಲ್ಲೂ ಪ್ರತಿ ಟೆಸ್ಟ್‌ಗೆ ಪಿ-ವ್ಯಾಲ್ಯೂ ಬೇಕು, ಅವುಗಳಲ್ಲಿ ಚಿಕ್ಕದನ್ನ ತಗೋಬೇಕು. ಸಾವಿರ ಪರ್ಮ್ಯುಟೇಶನ್ ಮಾತ್ರ ಮಾಡಿದ್ರೆ ಏನಾಗುತ್ತೆ ನೋಡಿ: ಪ್ರತಿ ಟೆಸ್ಟ್‌ಗೂ ಆ ಸಾವಿರದಲ್ಲಿ ಯಾವುದೋ ಒಂದ್ಸಲ 1/1000 ಅನ್ನೋ ಅತಿ ಚಿಕ್ಕ ಪಿ-ವ್ಯಾಲ್ಯೂ ಸಿಕ್ಕೇ ಸಿಗುತ್ತೆ, 20 ಸಾವಿರ ಟೆಸ್ಟ್ ಇರೋದ್ರಿಂದ ಒಂದೊಂದು ಪರ್ಮ್ಯುಟೇಶನ್‌ಗೂ ಸರಾಸರಿ 20 ಟೆಸ್ಟ್ ಆ ಮಟ್ಟದಲ್ಲಿ ಬಿದ್ದಿರ್ತವೆ, ಹೆಚ್ಚುಕಮ್ಮಿ ಎಲ್ಲಾ ಪರ್ಮ್ಯುಟೇಶನ್‌ನ ಕನಿಷ್ಠವೂ 1/1000ನೇ, ಅಡ್ಜಸ್ಟೆಡ್ ಪಿ-ವ್ಯಾಲ್ಯೂ ಎಲ್ಲದಕ್ಕೂ 1ರ ಹತ್ರ. ಎಷ್ಟು ಸ್ಟ್ರಾಂಗ್ ಸಿಗ್ನಲ್ ಇದ್ರೂ ಕಾಣಲ್ಲ. ಮಿನ್‌ಪಿಗೆ ಲಕ್ಷಗಟ್ಟಲೆ ಬೇಕೇ ಬೇಕು.

ಹಂಗಾದ್ರೆ ಮಿನ್‌ಪಿ ಯಾಕೆ ಬೇಕು ಅಂತೀರಾ? ಟೆಸ್ಟ್‌ಗಳ ನಲ್ ಡಿಸ್ಟ್ರಿಬ್ಯೂಶನ್ (ಲೇಬಲ್ ಕಲಸಿದಾಗ ಸ್ಟಾಟಿಸ್ಟಿಕ್ ಹರಡೋ ರೀತಿ) ಒಂದಕ್ಕೊಂದು ಹೊಂದದಿದ್ದಾಗ, ಉದಾಹರಣೆಗೆ ಕೆಲವಕ್ಕೆ ಟೇಲ್ (ಅತಿ ದೊಡ್ಡ ಮೌಲ್ಯಗಳ ತುದಿ) ಉದ್ದ ಕೆಲವಕ್ಕೆ ಗಿಡ್ಡ, ಮ್ಯಾಕ್ಸ್‌ಟಿಯಲ್ಲಿ ಉದ್ದ ಟೇಲ್‌ನವೇ ಗರಿಷ್ಠವನ್ನ ಆಳ್ತವೆ, ಉಳಿದವಕ್ಕೆ ಅನ್ಯಾಯ. ಮಾಡ್ಲೇಬೇಕು ಅಂದ್ರೆ ಲೂಪ್‌ನೊಳಗೆ ಲೂಪ್ ಹಾಕಿ ಪರ್ಮ್ಯುಟೇಶನ್ ಮೇಲೆ ಪರ್ಮ್ಯುಟೇಶನ್ ಮಾಡ್ಬೇಡಿ. ಗೆ, ಡುಡೊಯಿ, ಸ್ಪೀಡ್ ಮೂವರು 2003ರಲ್ಲಿ ಇದಕ್ಕೊಂದು ಚೆಂದದ ದಾರಿ ಕೊಟ್ರು: ಒಂದು ಟೆಸ್ಟ್ ತಗೊಂಡು ಅದ್ರ ಎಲ್ಲಾ ಪರ್ಮ್ಯುಟೇಶನ್ ಸ್ಟಾಟಿಸ್ಟಿಕ್ ಒಟ್ಟಿಗೆ ಹಾಕಿ, ಒಂದ್ಸಲ ಸಾರ್ಟ್ ಮಾಡಿ, ಪ್ರತಿಯೊಂದರ ರ‍್ಯಾಂಕ್‌ನಿಂದಲೇ ಅದ್ರ ಪಿ-ವ್ಯಾಲ್ಯೂ ಸಿಗುತ್ತೆ. ಆ ಸಾಲನ್ನ ಇಲ್ಲೀವರೆಗಿನ ಕನಿಷ್ಠಗಳ ಸಾಲಿನ ಜೊತೆ ಹೋಲಿಸಿ ಚಿಕ್ಕದನ್ನ ಉಳಿಸ್ಕೊಂಡು ಮುಂದಿನ ಟೆಸ್ಟ್‌ಗೆ ಹೋಗೋದು, ಶುರು ಮಾಡೋದು ಅತಿ ದುರ್ಬಲ ಟೆಸ್ಟ್‌ನಿಂದ. ಮೆಮೊರಿಯಲ್ಲಿ ಇಡೀ ಮ್ಯಾಟ್ರಿಕ್ಸ್ ಬೇಡ, ಒಂದೆರಡು ಸಾಲು ಸಾಕು. ಷರತ್ತು ಒಂದೇ, ಎಲ್ಲಾ ಟೆಸ್ಟ್‌ಗೂ ಅದೇ ಪರ್ಮ್ಯುಟೇಶನ್‌ಗಳು ಅದೇ ಕ್ರಮದಲ್ಲಿ ಬರ್ಬೇಕು. ಆರ್ (R) ಭಾಷೆಯ ಜೀವವಿಜ್ಞಾನ ಪ್ಯಾಕೇಜ್‌ಗಳ ಸಂಗ್ರಹ ಬಯೋಕಂಡಕ್ಟರ್‌ನ ಮಲ್ಟ್‌ಟೆಸ್ಟ್ ಪ್ಯಾಕೇಜ್‌ನಲ್ಲಿ ಮ್ಯಾಕ್ಸ್‌ಟಿ, ಮಿನ್‌ಪಿ ಎರಡೂ ರೆಡಿ ಇದೆ, ಹೊಸದಾಗಿ ಬರೆಯೋ ಮುಂಚೆ ಅದನ್ನೊಮ್ಮೆ ನೋಡಿ.

ಫ್ಯಾಮಿಲಿವೈಸ್ ಬೇಕು, ಸ್ಟಾಟಿಸ್ಟಿಕ್‌ಗಳೆಲ್ಲಾ ಒಂದೇ ಜಾತಿಯವು ಅಂದ್ರೆ ನನ್ ಓಟು ಮ್ಯಾಕ್ಸ್‌ಟಿಗೇ. ಎಫ್‌ಡಿಆರ್ ಬೇಕು ಅಂದ್ರೆ ಬಿಡಿ ಪಿ-ವ್ಯಾಲ್ಯೂ, ಹಂತ 6ಕ್ಕೆ ಹೋಗಿ, ಆದ್ರೆ 4 ಬಿಟ್ಟು ಹೋಗ್ಬೇಡಿ.

ಹಂತ 4: ಲೂಪ್ ಕಿತ್ತಾಕಿ ಮ್ಯಾಟ್ರಿಕ್ಸ್ ಗುಣಾಕಾರ ಹಾಕಿ

ಬುದ್ಧಿವಂತ ಅಲ್ಗಾರಿದಂ ಹುಡುಕೋ ಮುಂಚೆ ಇದನ್ನ ಮಾಡಿ, ಅರ್ಧಕ್ಕರ್ಧ ಸಲ ಇಷ್ಟಕ್ಕೇ ಕೆಲಸ ಮುಗಿದು ಹೋಗುತ್ತೆ.

ಎರಡು ಗುಂಪಿನ ಸರಾಸರಿ ಹೋಲಿಸೋ ಸಾಧಾರಣ ಟಿ-ಟೆಸ್ಟ್ ತಗೊಳ್ಳಿ, ಎರಡೂ ಗುಂಪಿನ ವೇರಿಯನ್ಸ್ (ಡೇಟಾದ ಹರಡುವಿಕೆ) ಪೂಲ್ ಮಾಡೋ ಹಳೇ ಟಿ-ಟೆಸ್ಟ್. ಅದ್ರ ಟಿ ಮೌಲ್ಯ ಅಂದ್ರೆ ಡೇಟಾ ಮತ್ತು 0-1 ಲೇಬಲ್ ನಡುವಿನ ಕೋರಿಲೇಶನ್‌ನ (ನಂಟಿನ ಅಳತೆ) ಇನ್ನೊಂದು ವೇಷ, ಕೋರಿಲೇಶನ್‌ನ ಗಾತ್ರ ಏರಿದ್ರೆ ಟಿ ಗಾತ್ರನೂ ಏರುತ್ತೆ, ಕ್ರಮ ಬದಲಾಗಲ್ಲ. ಪರ್ಮ್ಯುಟೇಶನ್ ಟೆಸ್ಟ್‌ಗೆ ಬೇಕಾಗಿರೋದು ಕ್ರಮ ಮಾತ್ರ. ಅಂದ್ಮೇಲೆ ಟಿ ಲೆಕ್ಕ ಹಾಕೋದೇ ಬೇಡ. ಹಿಂಗೆ ಮಾಡಿ: ಡೇಟಾ ಮ್ಯಾಟ್ರಿಕ್ಸ್‌ನ ಪ್ರತಿ ಸಾಲಿನಿಂದ ಅದ್ರ ಸರಾಸರಿ ಕಳೆದು, ಉದ್ದ 1 ಆಗೋ ಹಂಗೆ ಭಾಗಿಸಿ, ಇದು ಒಂದೇ ಸಲ. ಲೇಬಲ್ ವೆಕ್ಟರನ್ನೂ ಹಂಗೇ ಮಾಡಿ. ಕಲಸಿದ ಲೇಬಲ್‌ಗಳನ್ನ ಕಾಲಂಗಳಾಗಿ ಜೋಡಿಸಿ ಒಂದು ಮ್ಯಾಟ್ರಿಕ್ಸ್ ಮಾಡಿ, ಎರಡನ್ನೂ ಗುಣಿಸಿ. ಬಂದ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಕಾಲಂ ಒಂದು ಪರ್ಮ್ಯುಟೇಶನ್, ಪ್ರತಿ ಸಾಲು ಒಂದು ಟೆಸ್ಟ್. ಕಾಲಂನ ಗರಿಷ್ಠ ಗಾತ್ರ ತೆಗೆದ್ರೆ ಮ್ಯಾಕ್ಸ್‌ಟಿ ಮುಗೀತು.

40 ಸ್ಯಾಂಪಲ್, 20 ಸಾವಿರ ಟೆಸ್ಟ್, 10 ಸಾವಿರ ಪರ್ಮ್ಯುಟೇಶನ್ ಅಂದ್ರೆ 800 ಕೋಟಿ ಗುಣಿಸಿ-ಕೂಡಿಸೋ ಕೆಲಸ, ಕೇಳೋಕೆ ಭಯ ಆಗುತ್ತೆ ಆದ್ರೆ ಒಳ್ಳೇ ಬ್ಲಾಸ್ (ಮ್ಯಾಟ್ರಿಕ್ಸ್ ಲೆಕ್ಕದ) ಲೈಬ್ರರಿ ಇರೋ ಸಾಧಾರಣ ಲ್ಯಾಪ್‌ಟಾಪ್ ಇದನ್ನ ಕೆಲವೇ ಸೆಕೆಂಡ್‌ನಲ್ಲಿ ಮುಗಿಸುತ್ತೆ. ಸ್ಟಾಟಿಸ್ಟಿಕ್ ಇಷ್ಟು ಸರಳ ಇದ್ರೆ 4 ಲಕ್ಷ ಪರ್ಮ್ಯುಟೇಶನ್ನೂ ನಿಮಿಷಗಳ ಮಾತು, ಮುಂದಿನ ಹಂತಗಳ ಗೋಜೇ ಬೇಡ.

ವೆಲ್ಚ್ ಟಿ (ವೇರಿಯನ್ಸ್ ಪೂಲ್ ಮಾಡದ ಟಿ) ಬೇಕು ಅಂದ್ರೆ ಒಂದು ಗುಣಾಕಾರ ಸಾಲಲ್ಲ, ಎರಡು ಬೇಕು: ಡೇಟಾವನ್ನ 0-1 ಲೇಬಲ್‌ಗಳಿಂದ ಗುಣಿಸಿದ್ರೆ ಗುಂಪಿನ ಮೊತ್ತ, ಡೇಟಾದ ವರ್ಗವನ್ನ ಗುಣಿಸಿದ್ರೆ ವರ್ಗಗಳ ಮೊತ್ತ, ಎರಡೂ ಇದ್ರೆ ಸರಾಸರಿ ವೇರಿಯನ್ಸ್ ಎಲ್ಲಾ ಬರುತ್ತೆ. ಬೂಟ್‌ಸ್ಟ್ರಾಪ್‌ಗೂ (ಒಂದೇ ಸ್ಯಾಂಪಲ್ ಹಲವು ಸಲ ಬರಬಹುದಾದ ಹಂಗೆ ಆರಿಸೋ ರೀಸ್ಯಾಂಪ್ಲಿಂಗ್) ಇದೇ ಉಪಾಯ, ಯಾವ ಸ್ಯಾಂಪಲ್ ಎಷ್ಟು ಸಲ ಬಂತು ಅನ್ನೋ ಎಣಿಕೆಗಳನ್ನೇ ತೂಕದ ಮ್ಯಾಟ್ರಿಕ್ಸ್ ಮಾಡಿ ಗುಣಿಸಿ, ಆದ್ರೆ ಬೂಟ್‌ಸ್ಟ್ರಾಪ್‌ನಲ್ಲಿ ಡೇಟಾವನ್ನ ಮೊದ್ಲು ನಲ್‌ಗೆ ತಕ್ಕ ಹಂಗೆ ಸೆಂಟರ್ ಮಾಡಿರ್ಬೇಕು, ಇಲ್ಲಾಂದ್ರೆ ಪವರ್ (ನಿಜವಾದ ಸಿಗ್ನಲ್ ಹಿಡಿಯೋ ಶಕ್ತಿ) ಹೊರಟೇ ಹೋಗುತ್ತೆ. ವಯಸ್ಸು, ಬ್ಯಾಚ್ ಥರ ಕೋವೇರಿಯೇಟ್ (ಲೆಕ್ಕಕ್ಕೆ ತಗೋಬೇಕಾದ ಬೇರೆ ಅಂಶ) ಇದ್ದು ಫ್ರೀಡ್‌ಮನ್-ಲೇನ್ ವಿಧಾನ ಬಳಸ್ತಿದ್ರೆ, ಅಲ್ಲಿ ಡಿಸೈನ್ ಮ್ಯಾಟ್ರಿಕ್ಸ್ ಬದಲಾಗೋದೇ ಇಲ್ಲ, ರೆಸಿಡ್ಯುವಲ್ (ಆ ಅಂಶಗಳ ಪ್ರಭಾವ ಕಳೆದು ಉಳಿದದ್ದು) ಮಾತ್ರ ಕಲಸ್ತೀವಿ, ಹಂಗಾಗಿ ಕ್ಯೂಆರ್ ವಿಭಜನೆ (ಮಾಡೆಲ್ ಫಿಟ್‌ಗೆ ಬೇಕಾದ ಮ್ಯಾಟ್ರಿಕ್ಸ್ ಲೆಕ್ಕ) ಒಂದೇ ಸಲ ಸಾಕು, ಪ್ರತಿ ಸಲ ಮಾಡೆಲ್ ಫಿಟ್ ಮಾಡೋ ಫಂಕ್ಷನ್ ಕರೆಯೋದು ಶುದ್ಧ ದಂಡ.

ಇಲ್ಲೊಂದು ಸೂಕ್ಷ್ಮ ಇದೆ. ಪರ್ಮ್ಯುಟೇಶನ್ ಒರಿಜಿನಲ್ ಹಂಚಿಕೆಗೇ ಬಂದು ಬಿದ್ದಾಗ ಸ್ಟಾಟಿಸ್ಟಿಕ್ ಕರೆಕ್ಟಾಗಿ ಸಮ ಬರ್ಬೇಕು, ಆದ್ರೆ ಕೂಡಿಸೋ ಕ್ರಮ ಬೇರೆ ಆಗಿ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಕೊನೇ ಅಂಕೆ ಒಂಚೂರು ಕೆಳಗೆ ಬಂದ್ರೆ ಎಣಿಕೆಯಿಂದ ತಪ್ಪೋಗುತ್ತೆ. ಸ್ಯಾಂಪಲ್ ಕಮ್ಮಿ ಇದ್ದಾಗ ಇದು ಪಿ-ವ್ಯಾಲ್ಯೂವನ್ನ ಅರ್ಧ ಮಾಡ್ಬಿಡಬಹುದು, 2/252 ಆಗೋದು 1/252. ಹೋಲಿಸುವಾಗ ಒರಿಜಿನಲ್‌ನಿಂದ 0.00000001ರಷ್ಟು ಕಳೆದು ಹೋಲಿಸಿ. ಸ್ಪೀಡ್‌ಗೋಸ್ಕರ ಸಿಂಗಲ್ ಪ್ರಿಸಿಷನ್‌ಗೆ (ಕಮ್ಮಿ ಅಂಕೆಗಳ ನಿಖರತೆಗೆ) ಇಳಿದ್ರೆ ಈ ಕಳೆಯೋ ಮೊತ್ತವನ್ನ ಇನ್ನೂ ದೊಡ್ಡದು ಮಾಡ್ಬೇಕು.

ಮೆಮೊರಿ: 20 ಸಾವಿರ × 1000 ಡಬಲ್ (ಒಂದೊಂದು 8 ಬೈಟ್‌ನ ಸಂಖ್ಯೆ) ಅಂದ್ರೆ 160 ಎಂಬಿ, 4 ಲಕ್ಷ ಪರ್ಮ್ಯುಟೇಶನ್ ಒಟ್ಟಿಗೆ ಇಟ್ರೆ 64 ಜಿಬಿ. 500-1000ದ ಬ್ಲಾಕ್‌ಗಳಲ್ಲಿ ಮಾಡಿ, ಪ್ರತಿ ಬ್ಲಾಕ್ ಆದ್ಮೇಲೆ ಎಣಿಕೆ ಮತ್ತು ಗರಿಷ್ಠ ಮಾತ್ರ ಉಳಿಸಿ ಮಿಕ್ಕಿದ್ದು ಬಿಸಾಕಿ.

ಹಂತ 5: ಟೆಸ್ಟ್‌ಗಳನ್ನೇ ಕಮ್ಮಿ ಮಾಡಿ

ಡೂಪ್ಲಿಕೇಟ್ ಸಾಲುಗಳಿದ್ರೆ ಒಂದೇ ಇಟ್ಕೊಳ್ಳಿ, ಜೆನೆಟಿಕ್ಸ್ ಡೇಟಾದಲ್ಲಿ ಅಕ್ಕಪಕ್ಕದ ಮಾರ್ಕರ್‌ಗಳು (ಡಿಎನ್‌ಎಯಲ್ಲಿ ಗುರುತಿಸಿದ ಜಾಗಗಳು) ಎಷ್ಟೋ ಸಲ ಪೂರ್ತಿ ಒಂದೇ ಇರ್ತವೆ, ಗರಿಷ್ಠದ ಲೆಕ್ಕಕ್ಕೆ ಒಂದಿದ್ರೂ ಹತ್ತಿದ್ರೂ ಅದೇ ಉತ್ತರ. ಆದ್ರೆ ಬೆಂಜಮಿನಿ-ಹಾಕ್‌ಬರ್ಗ್ ಹಾಕುವಾಗ ಅವನ್ನ ವಾಪಸ್ ಬಿಚ್ಚಿ ಎಣಿಸ್ಬೇಕು. ಲೇಬಲ್ ನೋಡದೆ ಫಿಲ್ಟರ್ ಮಾಡೋದೂ ಸರಿ, ಒಟ್ಟಾರೆ ವೇರಿಯನ್ಸ್ ತೀರಾ ಕಮ್ಮಿ ಇರೋ ಸಾಲು ಬಿಡೋದು ಇತ್ಯಾದಿ, ಲೇಬಲ್ ನೋಡಿ ಫಿಲ್ಟರ್ ಮಾಡಿದ್ರೆ ಮಾತ್ರ ಇಡೀ ಕಂಟ್ರೋಲ್ ಕುಸಿಯುತ್ತೆ. ಎಣಿಕೆ ಡೇಟಾದಲ್ಲಿ 1990ರ ಟರೋನ್ ಉಪಾಯ ಇದೆ: ಮಾರ್ಜಿನ್‌ಗಳನ್ನ (ಎಣಿಕೆ ಟೇಬಲ್‌ನ ಸಾಲು-ಕಾಲಂ ಮೊತ್ತಗಳನ್ನ) ನೋಡಿದ್ರೆನೇ ಈ ಟೆಸ್ಟ್‌ಗೆ ಸಿಗಬಹುದಾದ ಅತಿ ಚಿಕ್ಕ ಪಿ-ವ್ಯಾಲ್ಯೂ ಗೊತ್ತಾಗುತ್ತೆ, ಅದೇ ಗಡಿಗಿಂತ ದೊಡ್ಡದಿದ್ರೆ ಆ ಟೆಸ್ಟ್ ಯಾವತ್ತೂ ರಿಜೆಕ್ಟ್ ಆಗಲ್ಲ, ಓಡಿಸೋದೇ ಬೇಡ, ಅದನ್ನ ಲೆಕ್ಕದಿಂದಲೂ ಬಿಡಬಹುದು.

ಹಂತ 6: ಬೇಗ ನಿಲ್ಲಿಸೋದು ಕಲೀರಿ

ಸ್ಟಾಟಿಸ್ಟಿಕ್ ದುಬಾರಿ ಇದ್ದಾಗ, ಮಿಕ್ಸ್ಡ್ ಮಾಡೆಲ್ ಫಿಟ್ ಮಾಡ್ಬೇಕು, ಮ್ಯಾಟ್ರಿಕ್ಸ್ ಟ್ರಿಕ್ ನಡೆಯಲ್ಲ ಅಂದಾಗ ಅಸ್ಲಿ ಉಳಿತಾಯ ಇರೋದು ಇಲ್ಲಿ. ಬೆಸಾಗ್ ಮತ್ತು ಕ್ಲಿಫರ್ಡ್ 1991ರಲ್ಲಿ ಹೇಳಿದ ನಿಯಮ ಎಷ್ಟು ಸರಳ ಅಂದ್ರೆ: ಒರಿಜಿನಲ್‌ನ ಮುಟ್ಟಿದ ಅಥವಾ ದಾಟಿದ ಸಲ 10 ಆದ ತಕ್ಷಣ ನಿಲ್ಲಿಸಿ. ಎಷ್ಟನೇ ಪರ್ಮ್ಯುಟೇಶನ್‌ನಲ್ಲಿ ಹತ್ತನೇದು ಬಂತೋ ಅದ್ರಿಂದ 10ನ್ನ ಭಾಗಿಸಿದ್ರೆ ಪಿ-ವ್ಯಾಲ್ಯೂ. ಹತ್ತು ಆಗದೇ ಗರಿಷ್ಠ ಮಿತಿ ತಲುಪಿದ್ರೆ ಮಾಮೂಲಿ +1 ಸೂತ್ರ.

ಪಿ-ವ್ಯಾಲ್ಯೂ 0.5 ಇರೋ ಟೆಸ್ಟ್ ಸುಮಾರು 20ಕ್ಕೇ ನಿಲ್ಲುತ್ತೆ. ನಲ್ ನಿಜ ಇರೋ ಟೆಸ್ಟ್‌ಗಳಲ್ಲಿ ಪಿ-ವ್ಯಾಲ್ಯೂ 0ಯಿಂದ 1ರ ತನಕ ಸಮವಾಗಿ ಹರಡಿರುತ್ತಲ್ವಾ, ಹಂಗಿದ್ದಾಗ ಸರಾಸರಿ ಖರ್ಚು ಸುಮಾರು 10 × (1 + 40,000ದ ಸಹಜ ಲಾಗರಿದಂ), ಮಿತಿ 4 ಲಕ್ಷ ಇಟ್ಟಾಗ. ಲೆಕ್ಕ ಹಾಕಿದ್ರೆ 116. ಓದಿ ನೋಡಿ, 4 ಲಕ್ಷದ ಜಾಗದಲ್ಲಿ 116! 20 ಸಾವಿರ ನಲ್ ಟೆಸ್ಟ್‌ಗೂ ಸೇರಿ 23 ಲಕ್ಷ. ಅದ್ರ ಜೊತೆ ನಿಜವಾದ ಸಿಗ್ನಲ್ ಇರೋ ಒಂದು 200 ಟೆಸ್ಟ್ ಮಿತಿ ತನಕ ಓಡಿದ್ರೆ 8 ಕೋಟಿ. ಒಟ್ಟು 8 ಕೋಟಿ ಚಿಲ್ಲರೆ, 800 ಕೋಟಿ ಬದಲು. ಅದೇ 1 ಮಿಲಿಸೆಕೆಂಡ್ ದರದಲ್ಲಿ 93 ದಿನ ಹೋಗಿ 23 ಗಂಟೆಗೆ ಇಳೀತು, ಅದ್ರಲ್ಲೂ ಹೆಚ್ಚುಕಮ್ಮಿ ಎಲ್ಲಾ ಟೈಮು ಆ 200ಕ್ಕೇ ಹೋಗ್ತಿರೋದು.

10 ದಾಟೋದು ಅಂದ್ರೆ ಪಿ-ವ್ಯಾಲ್ಯೂ ಅಂದಾಜಲ್ಲಿ 30% ಚಿಲ್ಲರೆ ಅಲುಗಾಟ ಇರುತ್ತೆ, 100 ಇಟ್ರೆ 10%. 100 ಇಟ್ರೂ ನಲ್ ಟೆಸ್ಟ್‌ನ ಸರಾಸರಿ ಖರ್ಚು 930ರ ಸುತ್ತಮುತ್ತ ಅಷ್ಟೇ, ನಾನಾದ್ರೆ 10ಕ್ಕೆ ಕಂಜೂಸ್ ಮಾಡಲ್ಲ.

ಮೇಲಿನ 200ರ ಖರ್ಚನ್ನೂ ಇಳಿಸಬಹುದು. ಸಾಂಡ್ವೆ ಮತ್ತು ಜೊತೆಯವರು 2011ರಲ್ಲಿ ತೋರಿಸಿದ ಹಂಗೆ ಎಫ್‌ಡಿಆರ್ ಲೆಕ್ಕವನ್ನ ನಡುನಡುವೆ ಹಾಕ್ತಾ ಹೋಗಿ, ಇನ್ನೂ ಓಡ್ತಿರೋ ಟೆಸ್ಟ್‌ಗಳೆಲ್ಲಾ ಆಗಲೇ ಗಡಿಯೊಳಗೆ ಬಂದಿದ್ರೆ ಅಲ್ಲೇ ನಿಲ್ಲಿಸೋದು.

ಬ್ಯಾಚ್‌ನಲ್ಲಿ ಓಡಿಸಿ, ಒಂದೊಂದಾಗಿ ಬೇಡ. ಮೊದಲು 100, ಆಮೇಲೆ 200, 400, ಹಿಂಗೆ ದುಪ್ಪಟ್ಟು ಮಾಡ್ತಾ ಹೋಗಿ, ಪ್ರತಿ ಬ್ಯಾಚ್ ಮುಗಿದಾಗ ನಿಂತವನ್ನ ಆಚೆ ಹಾಕಿ. ಆದ್ರೆ ಪಿ-ವ್ಯಾಲ್ಯೂ ಹಾಕುವಾಗ ಬ್ಯಾಚ್‌ನ ಕೊನೇ ನಂಬರ್ ಬಳಸ್ಬೇಡಿ, ಹತ್ತನೇ (ಅಥವಾ ನೂರನೇ) ದಾಟು ಬ್ಯಾಚ್‌ನೊಳಗೆ ಎಲ್ಲಿ ಬಂತು ಅಂತ ಹುಡುಕಿ ಆ ಜಾಗನೇ ಬಳಸಿ.

ಈ ಹಂತ ಮ್ಯಾಕ್ಸ್‌ಟಿಗೆ ಆಗಲ್ಲ, ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ. ಅಲ್ಲಿ ಪ್ರತಿ ಪರ್ಮ್ಯುಟೇಶನ್‌ನ ಗರಿಷ್ಠಕ್ಕೆ ಎಲ್ಲಾ ಟೆಸ್ಟೂ ಬೇಕು, ನಿಮ್ ಪ್ರಕಾರ ಸೋತ ಟೆಸ್ಟೇ ಕಲಸಿದ ಡೇಟಾದಲ್ಲಿ ಗರಿಷ್ಠ ಆಗಿರಬಹುದು. ಮ್ಯಾಕ್ಸ್‌ಟಿಯಲ್ಲಿ ನಿಲ್ಸೋದಾದ್ರೆ ಎಲ್ಲಾ ಒಟ್ಟಿಗೇ ನಿಲ್ಸೋದು: ಸಾವಿರ ಪರ್ಮ್ಯುಟೇಶನ್ ಆದ್ಮೇಲೆ ಅಡ್ಜಸ್ಟೆಡ್ ಪಿ-ವ್ಯಾಲ್ಯೂ 0.03ಕ್ಕೂ 0.07ಕ್ಕೂ ನಡುವೆ ಯಾವ ಟೆಸ್ಟೂ ಇಲ್ಲ ಅಂದ್ರೆ ಇನ್ನು ಓಡಿಸೋದ್ರಲ್ಲಿ ಅರ್ಥ ಇಲ್ಲ, ತೀರ್ಮಾನ ಬದಲಾಗೋ ಸಾಧ್ಯತೆ ತೀರಾ ಕಮ್ಮಿ.

ಹಂತ 7: ತೀರ್ಮಾನದ ಮೇಲೆ ಗ್ಯಾರಂಟಿ ಬೇಕಾದ್ರೆ

ಇವತ್ತು ಓಡಿಸಿದ್ರೆ 212 ಜೀನ್, ಸೀಡ್ (ರ‍್ಯಾಂಡಮ್ ಸಂಖ್ಯೆಗಳನ್ನ ಶುರು ಮಾಡೋ ನಂಬರ್) ಬದಲಾಯಿಸಿದ್ರೆ 205, ಇನ್ನೊಂದ್ಸಲ 219. ಪಟ್ಟಿ ಹಿಂಗೆ ಅಲ್ಲಾಡಿದ್ರೆ ನೋಡೋರಿಗೆ ನಂಬಿಕೆ ಎಲ್ಲಿಂದ ಬರ್ಬೇಕು. ಗ್ಯಾಂಡಿ ಮತ್ತು ಹಾನ್ 2014ರಲ್ಲಿ ಕೊಟ್ಟ ಎಂಎಂಸಿಟೆಸ್ಟ್ ಇದಕ್ಕೇ ಇರೋದು, ಆರ್‌ನ ಸಿಮ್‌ಸಿಟೆಸ್ಟ್ ಪ್ಯಾಕೇಜ್‌ನಲ್ಲಿ ಸಿಗುತ್ತೆ. ಐಡಿಯಾ ಇಷ್ಟೇ: ಪ್ರತಿ ಟೆಸ್ಟ್‌ನ ಪಿ-ವ್ಯಾಲ್ಯೂಗೆ ಒಂದು ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ಇಟ್ಕೊಳ್ಳಿ. ಎಲ್ಲದರ ಮೇಲಿನ ತುದಿ ತಗೊಂಡು ಬೆಂಜಮಿನಿ-ಹಾಕ್‌ಬರ್ಗ್ ಹಾಕಿ, ಆಗಲೂ ರಿಜೆಕ್ಟ್ ಆದವು ಖಾಯಂ ರಿಜೆಕ್ಟ್. ಕೆಳಗಿನ ತುದಿ ತಗೊಂಡು ಹಾಕಿ, ಆಗಲೂ ರಿಜೆಕ್ಟ್ ಆಗದವು ಖಾಯಂ ಔಟ್. ನಡುವೆ ಉಳಿದವಕ್ಕೆ ಮಾತ್ರ ಇನ್ನಷ್ಟು ಪರ್ಮ್ಯುಟೇಶನ್ ಕೊಟ್ಟು ಇಂಟರ್ವಲ್ ಕಿರಿದು ಮಾಡಿ, ಮತ್ತೆ ಅದೇ ಸುತ್ತು.

ಕೈಯಲ್ಲೇ ಮಾಡೋರು ಇಷ್ಟು ನೋಡಿ: 0.05 ಮಟ್ಟದ ಬೆಂಜಮಿನಿ-ಹಾಕ್‌ಬರ್ಗ್‌ನಲ್ಲಾಗ್ಲಿ ಹೋಮ್ ವಿಧಾನದಲ್ಲಾಗ್ಲಿ (ಬಾನ್‌ಫೆರೋನಿಯ ಸುಧಾರಿತ ರೂಪ) ಬಿಡಿ ಪಿ-ವ್ಯಾಲ್ಯೂ 0.05 ದಾಟಿದ ಟೆಸ್ಟ್ ಯಾವತ್ತೂ ರಿಜೆಕ್ಟ್ ಆಗಲ್ಲ. 200 ಪರ್ಮ್ಯುಟೇಶನ್‌ನಲ್ಲಿ ಒಂದು ಟೆಸ್ಟ್ 40 ಸಲ ದಾಟಿದೆ ಅಂದ್ಕೊಳ್ಳಿ. ಅದ್ರ ನಿಜವಾದ ಪಿ-ವ್ಯಾಲ್ಯೂ 0.05 ಇದ್ದಿದ್ರೆ 10 ಸಲ ದಾಟ್ಬೇಕಿತ್ತು, 3 ಆಚೀಚೆ ಅಷ್ಟೇ. 40 ಬರೋ ಮಾತೇ ಇಲ್ಲ, ಅದನ್ನ ಕಣ್ಮುಚ್ಕೊಂಡು ತೆಗೀಬಹುದು. ಮೊದಲ 200ರಲ್ಲೇ ಟೆಸ್ಟ್‌ಗಳ ದೊಡ್ಡ ಪಾಲು ಹಿಂಗೆ ಆಚೆ ಹೋಗುತ್ತೆ.

ಎರಡು ಕಡೆ ಜನ ಎಡವ್ತಾರೆ. ಒಂದು, ಆಚೆ ಹಾಕಿದ ಮೇಲೆ ಉಳಿದ 900 ಟೆಸ್ಟ್‌ಗೆ ಮಾತ್ರ ಬೆಂಜಮಿನಿ-ಹಾಕ್‌ಬರ್ಗ್ ಹಾಕೋದು. ತಪ್ಪು, ಪೂರ್ತಿ ತಪ್ಪು. ಒಟ್ಟು ಸಂಖ್ಯೆ 20 ಸಾವಿರನೇ, ಆಚೆ ಹಾಕಿದವಕ್ಕೆ ಪಿ-ವ್ಯಾಲ್ಯೂ 1 ಅಂತ ಬರೆದು ಪಟ್ಟಿಯಲ್ಲಿ ಉಳಿಸ್ಕೊಳ್ಳಿ. ಇನ್ನೊಂದು, 20 ಸಾವಿರ ಟೆಸ್ಟ್‌ನ ಹತ್ತು ಸಲ ಇಣುಕಿ ನೋಡ್ತಾ 95% ಇಂಟರ್ವಲ್ ಬಳಸೋದು, ಎಷ್ಟೋ ಇಂಟರ್ವಲ್ ಸುಳ್ಳಾಗುತ್ತೆ. ಒಟ್ಟು ತಪ್ಪಿನ ಬಜೆಟ್ 1% ಅಂತ ಇಟ್ಕೊಂಡು ಅದನ್ನ ಟೆಸ್ಟ್‌ಗಳಿಗೂ ಇಣುಕುಗಳಿಗೂ ಹಂಚಿ.

ಹಂತ 8: ಟೇಲ್ ಅಂದಾಜು

ಪಿ-ವ್ಯಾಲ್ಯೂ ನಂಬರ್ರೇ ಬೇಕು, ಅದೂ 0.0000001ರ ಮಟ್ಟದಲ್ಲಿ ಅಂದ್ರೆ ಪರ್ಮ್ಯುಟೇಶನ್ ಎಣಿಸಿ ಮುಗಿಯಲ್ಲ. 2009ರಲ್ಲಿ ನೈನೆನ್‌ಬರ್ಗ್ ಮತ್ತು ಜೊತೆಯವರು ಕೊಟ್ಟ ದಾರಿ: ಕೆಲವು ಸಾವಿರ ಪರ್ಮ್ಯುಟೇಶನ್ ಮಾಡಿ, ದಾಟಿದ ಸಲ 10 ಅಥವಾ ಜಾಸ್ತಿ ಇದ್ರೆ ಮಾಮೂಲಿ ಎಣಿಕೆ ಸಾಕು, ಕಮ್ಮಿ ಇದ್ರೆ ಪರ್ಮ್ಯುಟೇಶನ್ ಸ್ಟಾಟಿಸ್ಟಿಕ್‌ಗಳಲ್ಲಿ ದೊಡ್ಡ 250ಕ್ಕೆ ಜನರಲೈಸ್ಡ್ ಪರೇಟೊ ಡಿಸ್ಟ್ರಿಬ್ಯೂಶನ್ (ಟೇಲ್‌ನ ಆಕಾರ ಹೇಳೋ ಸೂತ್ರ) ಕೂರಿಸಿ, ಆಂಡರ್ಸನ್-ಡಾರ್ಲಿಂಗ್ ಟೆಸ್ಟ್‌ನಿಂದ ಫಿಟ್ ಚೆಕ್ ಮಾಡಿ, ಸರಿ ಬರದಿದ್ರೆ 250ನ್ನ ಹತ್ತತ್ತು ಇಳಿಸ್ತಾ ಹೋಗಿ. ಫಿಟ್‌ನ ಶೇಪ್ ಒಂದು ಕಡೆ ತಿರುಗಿದ್ರೆ ಆ ಡಿಸ್ಟ್ರಿಬ್ಯೂಶನ್‌ಗೆ ಮೇಲ್ಮಿತಿ ಬಂದ್ಬಿಡುತ್ತೆ, ನಿಮ್ ಒರಿಜಿನಲ್ ಅದ್ರಾಚೆ ಇದ್ರೆ ಮತ್ತೆ ಪಿ-ವ್ಯಾಲ್ಯೂ ಸೊನ್ನೆ. ಅಂಥದ್ದು ಕಂಡ್ರೆ ನಂಬ್ಬೇಡಿ, ಎಣಿಕೆಯ +1 ಉತ್ತರಕ್ಕೇ ವಾಪಸ್ ಬನ್ನಿ.

ಇಕ್ಯೂಟಿಎಲ್ ಕೆಲಸದಲ್ಲಿ (ಯಾವ ಡಿಎನ್‌ಎ ವ್ಯತ್ಯಾಸ ಯಾವ ಜೀನ್‌ನ ಚಟುವಟಿಕೆ ಬದಲಿಸುತ್ತೆ ಅಂತ ಹುಡುಕೋದು) 2016ರ ಫಾಸ್ಟ್‌ಕ್ಯೂಟಿಎಲ್ ಸಾಫ್ಟ್‌ವೇರ್ ಇದ್ರ ತಮ್ಮನ ಥರ: ಒಂದು ಜೀನ್ ಸುತ್ತಲ ವೇರಿಯಂಟ್‌ಗಳ ಪಿ-ವ್ಯಾಲ್ಯೂಗಳಲ್ಲಿ ಕನಿಷ್ಠವನ್ನ ಬೀಟಾ ಡಿಸ್ಟ್ರಿಬ್ಯೂಶನ್ ಅಂತ ತಗೊಂಡು, ನೂರರಿಂದ ಸಾವಿರ ಪರ್ಮ್ಯುಟೇಶನ್‌ನಲ್ಲಿ ಅದ್ರ ಎರಡು ಪ್ಯಾರಾಮೀಟರ್ ಹಿಡಿದುಬಿಡುತ್ತೆ. ಎಲ್ಲಾ ಟೆಸ್ಟ್‌ಗಳ ಪರ್ಮ್ಯುಟೇಶನ್ ಮೌಲ್ಯಗಳನ್ನ ಒಂದೇ ರಾಶಿಗೆ ಸುರಿದು ಪೂಲ್ ಮಾಡೋದೂ ಉಂಟು, 100 ಪರ್ಮ್ಯುಟೇಶನ್‌ಗೇ 20 ಲಕ್ಷ ನಲ್ ಮೌಲ್ಯ ಸಿಗುತ್ತೆ. ಅಗ್ಗ ನಿಜ, ಆದ್ರೆ ಟೆಸ್ಟ್‌ಗಳ ನಲ್ ಡಿಸ್ಟ್ರಿಬ್ಯೂಶನ್ ಎಲ್ಲಾ ಒಂದೇ ಅಂತ ನಂಬೋಕೆ ಕಾರಣ ಇರ್ಬೇಕು, ನನಗಂತೂ ಆ ನಂಬಿಕೆ ಸುಲಭಕ್ಕೆ ಬರಲ್ಲ.

ಹಂತ 9: ಪ್ಯಾರಲಲ್ ಓಡಿಸುವಾಗ

ಎಲ್ಲಾ ಕೋರ್‌ಗೂ ಒಂದೇ ಸೀಡ್ ಕೊಟ್ರೆ ಎಂಟು ಕೋರ್ ಸೇರಿ ಒಂದೇ ಪರ್ಮ್ಯುಟೇಶನ್‌ಗಳನ್ನ ಎಂಟು ಸಲ ಮಾಡ್ತವೆ, ಎರರ್ ಬರಲ್ಲ, ರಿಸಲ್ಟ್ ನೋಡೋಕೂ ಚೆನ್ನಾಗೇ ಇರುತ್ತೆ, ಅದೇ ಅಪಾಯ. ಪ್ರತಿ ವರ್ಕರ್‌ಗೆ ಬೇರೆ ರ‍್ಯಾಂಡಮ್ ಸಂಖ್ಯೆಗಳ ಸ್ಟ್ರೀಮ್ ಕೊಡಿ, ಆರ್‌ನಲ್ಲಿ ಲೆಕ್ವಿಯೆ ಜನರೇಟರ್ ಇದಕ್ಕೇ ಇದೆ, ಪೈಥಾನ್‌ನ ನಂಪೈನಲ್ಲಿ ಸೀಡ್ ಸೀಕ್ವೆನ್ಸ್ ಸ್ಪಾನ್ ಮಾಡಬಹುದು. ಕೆಲಸ ಹಂಚೋದು ಪರ್ಮ್ಯುಟೇಶನ್ ಪ್ರಕಾರ ಇರ್ಲಿ, ಟೆಸ್ಟ್ ಪ್ರಕಾರ ಬೇಡ, ಟೆಸ್ಟ್ ಪ್ರಕಾರ ಹಂಚಿ ಬೇರೆ ಬೇರೆ ಸೀಡ್ ಇಟ್ರೆ ಟೆಸ್ಟ್‌ಗಳ ನಡುವಿನ ಕೋರಿಲೇಶನ್ ಮುರಿದು ಹೋಗುತ್ತೆ, ಮ್ಯಾಕ್ಸ್‌ಟಿ ಮಾಡೋ ಉದ್ದೇಶನೇ ಹೋಯ್ತು. ಮಿನ್‌ಪಿಯಲ್ಲಿ ಟೆಸ್ಟ್ ಪ್ರಕಾರ ಹೋಗ್ಲೇಬೇಕಲ್ವಾ, ಅಲ್ಲಿ ಪ್ರತಿ ಟೆಸ್ಟ್‌ಗೂ ಅದೇ ಸೀಡ್‌ನಿಂದ ಮತ್ತೆ ಶುರು. ಪರ್ಮ್ಯುಟೇಶನ್‌ಗಳನ್ನ ಡಿಸ್ಕ್‌ಗೆ ಬರೆಯೋದು ಬೇಡ, ಸೀಡ್ ಬರೆದಿಟ್ರೆ ಸಾಕು.

ಪೂರ್ತಿ ಓಡಿಸೋ ಮುಂಚೆ ಒಂದು ಚೆಕ್ ಮಾಡಿ: 50 ಟೆಸ್ಟ್ ಆರಿಸಿ, ಹಳೇ ನಿಧಾನದ ಲೂಪ್‌ನಲ್ಲೂ ಹೊಸ ಕೋಡ್‌ನಲ್ಲೂ ಅದೇ ಸೀಡ್‌ನಿಂದ 500 ಪರ್ಮ್ಯುಟೇಶನ್ ಓಡಿಸಿ, ದಾಟಿದ ಎಣಿಕೆಗಳು ಒಂದೂ ಬಿಡದೆ ಮ್ಯಾಚ್ ಆಗ್ಬೇಕು, ಹತ್ರ ಹತ್ರ ಇದ್ರೆ ಸಾಲಲ್ಲ. ಆಮೇಲೆ ಲೇಬಲ್‌ಗಳನ್ನ ಬೇಕಂತಲೇ ಒಂದ್ಸಲ ಕಲಸಿ ಆ ಸುಳ್ಳು ಡೇಟಾವನ್ನೇ ಒರಿಜಿನಲ್ ಅಂತ ಕೊಟ್ಟು ಇಡೀ ಪೈಪ್‌ಲೈನ್ ಓಡಿಸಿ, ಇದನ್ನ ನೂರು ಸಲ ಮಾಡಿ. ಮ್ಯಾಕ್ಸ್‌ಟಿ ಏನಾದ್ರೂ ಒಂದನ್ನಾದ್ರೂ ರಿಜೆಕ್ಟ್ ಮಾಡಿದ್ದು ಐದರ ಆಸುಪಾಸು ಇದ್ರೆ ಸರಿ, ಇಪ್ಪತ್ತು ಬಂದ್ರೆ ಎಲ್ಲೋ ಫಿಲ್ಟರ್ ಲೇಬಲ್ ನೋಡ್ತಿದೆ, ಹಂತ 5ಕ್ಕೆ ಹೋಗಿ ಹುಡುಕಿ.